ರೋಬೋ ಗೊಂಬೆಗೂ ಕಾಲು ನೋಡಿ ಬೆಲೆ ಕಟ್ಟಬೇಕು

ಈ ಸಲ ಬರೀತಿರೋದು ಜಪಾನಿನ ರೋಬೋ ಗೊಂಬೆಗಳ ಮೇಲೆ. ನಗಬ್ಯಾಡಿ ಕನ್ರವ್ವ. ಕೊಳ್ಳೇಗಾಲದ ಸೀರೆ ಜರಿ ನೋಡೋದು ಹೆಂಗೆ ಅಂತ ಬರೆದಾಗ ಎಲ್ರೂ ಓದಿದ್ರಿ, ಇದೂ ಅದೇ ಜಾತಿ ವಿಷಯ. ಒಂದು ವಸ್ತು ಒಳ್ಳೇದೋ ಅಲ್ವೋ ಅಂತ ಕಣ್ಣಲ್ಲಿ, ಕೈಲಿ ತಿಳ್ಕೊಳೋದು. ಸೀರೆ ಆದ್ರೆ ನಮಗೆ ಅವ್ವನ ಕಾಲದಿಂದ ಗೊತ್ತು. ಗೇಣುದ್ದದ, ತಲೆಗೆ ಎರಡು ಕೊಂಬಿರೋ, ಎದೆ ಮೇಲೆ ಕೆಂಪು ತಗಡಿರೋ ರಾಕ್ಷಸನಂಥ ಗೊಂಬೆ ತಂದು ಮಡಿಲಿಗೆ ಹಾಕಿ 'ಇದಕ್ಕ ಬೆಲೆ ಹೇಳು' ಅಂದ್ರೆ ಏನು ಹೇಳೋದು?

ನಮ್ಮ ತಮ್ಮ ತೀರ್ಕೊಂಡ ಮೇಲೆ ಅವನ ಹೆಂಡ್ತಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಮಗಳ ಜೊತೆ ಗುಂಡ್ಲುಪೇಟೆಗೆ ಬಂದ್ಲು. ಲಾರೀಲಿ ಬಂದ ಸಾಮಾನಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಹದಿನಾಲ್ಕು ರೋಬೋ. ಕಂಪನಿ ಕೆಲಸದ ಮೇಲೆ ಆರು ತಿಂಗಳು ಜಪಾನಿಗೆ ಹೋಗಿದ್ದಾಗ ಅವನು ತಂದವು ಕೆಲವು, ಆಮೇಲೆ ತರಿಸಿದವು ಕೆಲವು. ಮಗಳ ಕಾಲೇಜು ಫೀಸು ಕಟ್ಟೋ ತಿಂಗಳದು. ಫೋನಲ್ಲಿ ಫೋಟೊ ನೋಡಿದ ಒಬ್ಬ ವ್ಯಾಪಾರದವನು 'ಎಲ್ಲಾ ಸೇರಿ ಆರು ಸಾವಿರ' ಅಂದಿದ್ದ. ಪಕ್ಕದ ಮನೆ ಅಕ್ಕ, 'ಪ್ಲಾಸ್ಟಿಕ್ ಬೊಂಬಗ ಆರು ಸಾವ್ರ ಕೊಡ್ತೀನಿ ಅಂದ್ರ ಕೊಟ್ಬುಟ್ಟು ಕೈ ತೊಳ್ಕೊ ಕನವ್ವ, ನಾಳ ಗುಜರಿಯವ್ನೂ ಮುಟ್ಟಲ್ಲ' ಅಂದ್ರಂತೆ. ಅವಳು ನನಗೆ ಫೋನ್ ಮಾಡಿ, 'ಅಕ್ಕ, ನೀವೇ ಒಂದ್ಸಲ ಬಂದು ನೋಡಿ, ಆಮೇಲೆ ಕೊಡೋದು' ಅಂದ್ಲು. ತೆರಕಣಾಂಬಿ ಮೇಲೆ ಬಸ್ಸು ಹತ್ತಿ ಹೋದೆ.

ನನಗೆ ಚೆನ್ನಾಗಿ ಗೊತ್ತಿದ್ದದ್ದು ದಸರಾ ಗೊಂಬೆ. ನಮ್ಮಜ್ಜಿ ಗೊಂಬೆ ಕೊಳ್ಳೋದನ್ನ ನೋಡಿದ್ದೆ. ಮದುವೆಯಲ್ಲಿ ಮಗಳಿಗೆ ಕೊಡೋ ಪಟ್ಟದ ಗೊಂಬೆ, ರಾಜ-ರಾಣಿ ಜೋಡಿ, ರಕ್ತಚಂದನದ ಮರದಲ್ಲಿ ಕೆತ್ತಿದ್ದು. ಅಜ್ಜಿ ಅದರ ಮೊಕ ನೋಡ್ತಾನೇ ಇರಲಿಲ್ಲ. ತಲೆಕೆಳಗು ಮಾಡಿ ಪಾದದ ತಳ ನೋಡೋದು, ಒದ್ದೆ ಕಲ್ಲಿಗೆ ತಳ ಒಂಚೂರು ತೇಯ್ದು ಕೆಂಪು ಬರುತ್ತಾ ನೋಡೋದು, ನೆಲದ ಮೇಲೆ ನಿಲ್ಲಿಸಿ ಬೆರಳಲ್ಲಿ ಮೆಲ್ಲಗೆ ತಳ್ಳೋದು. 'ಮೊಕಕ್ಕ ಬಣ್ಣ ಯಾವನ್ ಬೇಕಾದ್ರೂ ಬಳೀತನ, ಕಾಲು ಮಾತ್ರ ಸುಳ್ಳೇಳಲ್ಲ' ಅನ್ನೋದು. ಚಾಮರಾಜೇಶ್ವರನ ಆಷಾಢದ ತೇರಿನಲ್ಲಿ ಮಕ್ಕಳಿಗೆ ಕೊಡಿಸೋ ಚನ್ನಪಟ್ಟಣದ ಗೊಂಬೆಗೂ ಇದೇ ಪರೀಕ್ಷೆ. ಒದ್ದೆ ಹೆಬ್ಬೆರಳಲ್ಲಿ ಉಜ್ಜಿ, ಬಣ್ಣ ಬಂದ್ರೆ ವಾಪಸ್ಸು. ಒಳ್ಳೆ ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು. ತಿರುಗಣಿ ಮೇಲೆ ಮರ ತಿರುಗ್ತಿರುವಾಗ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡ್ಕೊಳ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡ್ತಾರೆ. ಅಂಥ ಬಣ್ಣ ಬೆರಳಿಗೆ ಬರೋ ಮಾತೇ ಇಲ್ಲ.

ಚನ್ನಪಟ್ಟಣಕ್ಕೂ ಜಪಾನಿಗೂ ಒಂದು ನಂಟದೆ. ಅಲ್ಲಿಯ ಗೊಂಬೆ ಕೆಲಸಕ್ಕೆ ಜಪಾನಿನ ಗೊಂಬೆ ಮಾಡೋ ರೀತಿ ತಂದವರು ಬಾವಾಸ್ ಮಿಯಾ ಅಂತ ಆ ಊರಿನವರು ಇವತ್ತಿಗೂ ಹೇಳ್ತಾರೆ, ಅವರನ್ನ ಚನ್ನಪಟ್ಟಣ ಆಟಿಕೆಯ ತಂದೆ ಅಂತಾರೆ. ಹಂಗಾಗಿ ಜಪಾನಿನ ಗೊಂಬೆಗೆ ಅಜ್ಜಿ ಪರೀಕ್ಷೆ ಹಾಕೋದು ತೀರಾ ಪರಕೀಯ ಏನಲ್ಲ ಅಂತ ನನಗೆ ಅನ್ನಿಸ್ತು. ಆದ್ರೆ ರೋಬೋ ಮರದ್ದಲ್ಲ. ಅದು ಯಾವುದರಿಂದ ಆಗದೆ, ಯಾಕೆ ಹಂಗೆ ಆಗದೆ ಅಂತ ತಿಳೀಬೇಕಾದ್ರೆ ಅದರ ಕಥೆ ವಸಿ ಹಿಂದಿನಿಂದ ಹೇಳ್ಬೇಕು.

ಎರಡನೇ ಮಹಾಯುದ್ಧ ಸೋತ ಜಪಾನಿನಲ್ಲಿ ತಿನ್ನೋಕೆ ಇರಲಿಲ್ಲ, ಲೋಹವೂ ಇರಲಿಲ್ಲ. ಅಮೆರಿಕದ ಸೈನಿಕರು ತಿಂದು ಬಿಸಾಕಿದ ತಗಡಿನ ಡಬ್ಬ ಬಿಡಿಸಿ, ತಟ್ಟಿ, ಆಟಿಕೆ ಜೀಪು ಮಾಡಿ ಮಾರಿದ್ರು. 1947ರಿಂದ 1952ರವರೆಗೆ ಅಲ್ಲಿಂದ ಹೊರಗೆ ಹೋಗೋ ಸಾಮಾನಿನ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಅಂತ ಇಂಗ್ಲಿಷಲ್ಲಿ ಮುದ್ರೆ ಬೀಳ್ತಿತ್ತು. 1956ರಲ್ಲಿ ಯೊಕೊಯಾಮಾ ಮಿತ್ಸುತೆರು ಅನ್ನೋರು 'ತೆತ್ಸುಜಿನ್ 28' ಅನ್ನೋ ಚಿತ್ರಕಥೆ ಶುರು ಮಾಡಿದ್ರು. ಯುದ್ಧಕ್ಕಂತ ಮಾಡಿದ ಕಬ್ಬಿಣದ ದೈತ್ಯ, ಯುದ್ಧ ಮುಗಿದ ಮೇಲೆ ಒಬ್ಬ ಸಣ್ಣ ಹುಡುಗನ ಕೈಗೆ ಸಿಕ್ಕಿ ಅವನು ಹೇಳಿದಂಗೆ ಕೇಳ್ತದೆ. ಸೋತ ದೇಶದ ಮಕ್ಕಳಿಗೆ ಆ ಕಥೆ ಯಾಕೆ ಅಷ್ಟು ಹಿಡಿಸ್ತು ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ.

ಅದೇ ಯೊಕೊಯಾಮಾ ಅವರ ಇನ್ನೊಂದು ಕಥೆ 1967ರಲ್ಲಿ ಜಪಾನಿನ ಟಿ.ವಿ.ಗೆ ಬಂತು, 'ಜೈಂಟ್ ರೋಬೋ'. 26 ಕಂತು. ಅದರ ಇಂಗ್ಲಿಷ್ ರೂಪವನ್ನ 1980ರ ದಶಕದಲ್ಲಿ ನಮ್ಮ ದೂರದರ್ಶನ ಹಾಕ್ತು. ನಮ್ಮ ವಯಸ್ಸಿನವರಿಗೆ ನೆನಪಿರ್ಬೇಕು, ಈಜಿಪ್ಟಿನ ರಾಜನ ಮುಖದಂಥ ತಲೆ, ಬೆರಳಿಂದ ಬಾಣ ಬಿಡೋದು, ಹುಡುಗ ಕೈ ಗಡಿಯಾರದಲ್ಲಿ ಮಾತಾಡಿ ಕರೆಯೋದು. ಮೈಸೂರಿನ ದೊಡ್ಡಮ್ಮನ ಮನೇಲಿ ರಜಕ್ಕೆ ಹೋದಾಗ ತಮ್ಮ ಅದನ್ನ ನೋಡಿ, ಊರಿಗೆ ಬಂದ ಮೇಲೂ ಬರಿ ಮಣಿಕಟ್ಟಿಗೆ ಬಾಯಿ ಇಟ್ಕೊಂಡು ರೋಬೋನ ಕರೀತಿದ್ದ. ಕೊನೇ ಕಂತಲ್ಲಿ ಆ ರೋಬೋ ಹುಡುಗ ಬ್ಯಾಡ ಅಂದ್ರೂ ಕೇಳದೆ, ಲೋಕ ಉಳಿಸೋಕೆ ಶತ್ರುನ ಹೊತ್ಕೊಂಡು ಆಕಾಶಕ್ಕೆ ಹಾರಿ ತಾನೂ ನಾಶ ಆಗ್ತದೆ. ತಮ್ಮ ಅವತ್ತು ರಾತ್ರಿ ಉಣ್ಣಲಿಲ್ಲ.

ಗೊಂಬೆ ವ್ಯಾಪಾರ ನಿಜವಾಗಿ ಹೊರಳಿದ್ದು ಅದಾದ ಮೇಲೆ. 1972ರಲ್ಲಿ ನಗಾಯ್ ಗೋ ಅವರ 'ಮಾಜಿಂಗರ್ ಝಡ್' ಬಂತು. ರಸ್ತೇಲಿ ವಾಹನದ ಸಾಲಲ್ಲಿ ಸಿಕ್ಕೊಂಡಾಗ, ನನ್ನ ಕಾರಿಗೆ ಕೈಕಾಲು ಬಂದು ಎಲ್ಲರನ್ನೂ ದಾಟಿ ನಡೆದುಬಿಟ್ರೆ ಅಂತ ಅನ್ನಿಸಿ ಕಥೆ ಹೊಳೀತು ಅಂತ ಅವರೇ ಹೇಳ್ಕೊಂಡಿದ್ದಾರೆ. ಈ ಕಥೇಲಿ ಹುಡುಗ ರೋಬೋದ ತಲೆಯೊಳಗೇ ಕೂತು ನಡೆಸ್ತಾನೆ. ಬಂಡೈ ಕಂಪನಿಯ ಒಂದು ಅಂಗ, ಪೊಪಿ ಅಂತ ಹೆಸರು, 1973ರಲ್ಲಿ ಇದರ ಎರಡಡಿ ಎತ್ತರದ ಗೊಂಬೆ ಮಾಡ್ತು. ಶ್ಯಾಂಪೂ ಬಾಟಲಿ ಮಾಡೋ ಪಾಲಿಥೀನನ್ನೇ ಅಚ್ಚಿನೊಳಗೆ ಗಾಳಿ ಊದಿ ಉಬ್ಬಿಸಿ ಮಾಡಿದ್ದು. ದೊಡ್ಡದು, ಆದ್ರೆ ಹಗುರ, ಟೊಳ್ಳು. ಮರುವರ್ಷ 1974ರಲ್ಲಿ ಪೊಪಿ ಅದಕ್ಕೆ ಪೂರ್ತಿ ಎದುರಾದ ಕೆಲಸ ಮಾಡ್ತು. ಗೊಂಬೆನ ಅರ್ಧ ಗೇಣಿಗೆ ಇಳಿಸಿ, ಸತುವಿನ ಮಿಶ್ರಲೋಹ ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ತುಂಬಿ ಎರಕ ಹೊಯ್ತು. ಕೈಗೆ ತಗೊಂಡ್ರೆ ಪಾವು ಅಳತೆಗೆ ಅಕ್ಕಿ ತುಂಬಿದಂಗೆ ಭಾರ. ಕಥೇಲಿ ಆ ರೋಬೋ ಯಾವ ಲೋಹದಿಂದ ಆಗದೆ ಅಂತಾರೋ ಅದೇ ಹೆಸರು ಇಟ್ರು, 'ಚೋಗೋಕಿನ್'.

ಅಲ್ಲಿಂದ ಮುಂದಕ್ಕೆ ಓಡಿ ಬತ್ತೀನಿ. 1979ರಲ್ಲಿ ಗುಂಡಮ್ ಧಾರಾವಾಹಿ, ನೋಡೋರಿಲ್ಲ ಅಂತ ಅರ್ಧಕ್ಕೆ ಮೊಟಕು ಮಾಡಿದ್ರು, 1980ರಲ್ಲಿ ಬಿಡಿ ಭಾಗ ಜೋಡಿಸೋ ಗೊಂಬೆ ಅಂಗಡಿಗೆ ಬಂದ ಮೇಲೆ ಅದೇ ಗುಂಡಮ್‌ಗೆ ಜನ ಮುಗಿಬಿದ್ರು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ, ಜಪಾನಿನ ತಕಾರಾ ಕಂಪನಿಯ ಗೊಂಬೆಗಳನ್ನೇ ತಗೊಂಡು ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರ್ತು. 1997ರಲ್ಲಿ ಬಂಡೈ 'ಸೋಲ್ ಆಫ್ ಚೋಗೋಕಿನ್' ಅಂತ ಹೊಸ ಸಾಲು ಶುರು ಮಾಡ್ತು, ಮೊದಲ್ನೇದು ಮತ್ತೆ ಮಾಜಿಂಗರೇ. ಇದು ಮಕ್ಕಳಿಗಲ್ಲ. 1974ರಲ್ಲಿ ಹುಡುಗರಾಗಿದ್ದು ಈಗ ಸಂಬಳ ತಗೊಳ್ಳೋ ಗಂಡಸರಿಗೆ. ಇಂಥ ಎಷ್ಟೋ ಡಬ್ಬಿ ಮೇಲೆ '15 ವರ್ಷ ಮೇಲ್ಪಟ್ಟವರಿಗೆ' ಅಂತ ಬರೆದಿರ್ತದೆ.

ಈ ಕೊನೇ ಮಾತು ಹಿಡ್ಕೊಂಡ್ರೆ ಗೊಂಬೆ ನೋಡೋ ಕಣ್ಣೇ ಬೇರೆ ಆಗ್ತದೆ. ಆಟದ ಗೊಂಬೆ ಕೂಸಿನ ಕೈ ತಡೀಬೇಕು. ಜೋಪಾನದ ಗೊಂಬೆ ವರ್ಷಗಳನ್ನ ತಡೀಬೇಕು, ಡಬ್ಬೀಲಿ ಸುಮ್ಮನೆ ಕೂತು. ನಮ್ಮ ಪಟ್ಟದ ಗೊಂಬೆ ಯಾವತ್ತೂ ಈ ಎರಡನೇ ಥರದ್ದೇ. ವರ್ಷಕ್ಕೆ ಹತ್ತು ದಿನ ಹೊರಗೆ, ಮಿಕ್ಕ ದಿನ ಹಳೇ ಪಂಚೆ ಸುತ್ಕೊಂಡು ಪೆಟ್ಟಿಗೇಲಿ. ಹಂಗಾಗಿ ನಾಲ್ಕು ತಲೆಮಾರಿಂದ ಗೊಂಬೆ ಎತ್ತಿಡ್ತಾ ಬಂದ ಹೆಂಗಸರಿಗೆ, ಜೋಪಾನದ ರೋಬೋ ನೋಡೋಕೆ ಬೇಕಾದ ಬುದ್ಧಿ ಮುಕ್ಕಾಲು ಪಾಲು ಆಗ್ಲೇ ಅದೆ.

ಗುಂಡ್ಲುಪೇಟೆ ಮನೇಲಿ ಚಾಪೆ ಹಾಸಿ, ಮೇಲೆ ಬಿಳೀ ಪಂಚೆ ಹರವಿ, ಹದಿನಾಲ್ಕನ್ನೂ ಸಾಲಾಗಿ ಇಟ್ವಿ. ಮಗಳು ನೋಟ್‌ಬುಕ್ ಹಿಡ್ಕೊಂಡ್ಲು. ತಮ್ಮ ಬರೆದಿಟ್ಟಿದ್ದ ಚೀಟಿಗಳು ಕೆಲವು ಡಬ್ಬೀಲಿದ್ವು, ಮಿಕ್ಕದ್ದು ಅವಳು ಫೋನಲ್ಲಿ ಹುಡುಕಿ ಓದಿ ಹೇಳೋಳು.

ಮೊದಲು ಕಾಲು. ನಿಲ್ಲಿಸಿದ್ರೆ ನಿಲ್ತದಾ? ಒಳ್ಳೆ ಕೆಲಸದ ಗೊಂಬೇಲಿ ಲೋಹ ಪಾದ, ಕಾಲಿನ ಕಡೆ ಜಾಸ್ತಿ ಇರ್ತದೆ, ಎದೆ, ರೆಕ್ಕೆ ಪ್ಲಾಸ್ಟಿಕ್ಕಲ್ಲಿ. ಭಾರ ಕೆಳಗಿದ್ರೆ ಒಂಟಿ ಕಾಲಲ್ಲೂ ನಿಲ್ತದೆ. ಬರೀ 'ಲೋಹ ಅದೆ' ಅಂತ ಹೇಳ್ಕೊಳೋಕೆ ಮೇಲೆ ಭಾರ ತುಂಬಿದ್ರೆ ವರ್ಷ ಕಳೆದಂಗೆ ಸೊಂಟ, ಮೊಣಕಾಲು ಸಡಿಲ ಆಗಿ ಮುಂದಕ್ಕೆ ಬಾಗ್ತದೆ, ನಮ್ಮ ಹಾಗೇನೆ. ಕೀಲು ತಿರುಗಿಸುವಾಗ ಕಟ ಕಟ ಅಂತ ಹಲ್ಲು ಹಿಡಿದು ನಿಲ್ಲೋದು ದೊಡ್ಡ ಗೊಂಬೆಗೆ ಬೇಕು. ಗುಂಡು-ಬಟ್ಟಲಿನ ಕೀಲಾದ್ರೆ ಎತ್ತಿದ ಕೈ ಎತ್ತಿದಲ್ಲೇ ನಿಲ್ಬೇಕು. ಸಡಿಲ ಆಗಿದ್ರೆ ಗುಂಡಿನ ಮೇಲೆ ಬಣ್ಣವಿಲ್ಲದ ಉಗುರುಬಣ್ಣ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದ್ರೆ ಬಿಗಿ ಆಗ್ತದೆ. ಹಸಿ ಇದ್ದಾಗ ಜೋಡಿಸಿದ್ರೆ ಕೈ ಅಲ್ಲೇ ಅಂಟ್ಕೊಂಡು ಮುರಿಯೋದೇ.

ಆಮೇಲೆ ಲೋಹ. ಸತುವಿನ ಎರಕಕ್ಕೆ ಒಂದು ಕಾಯಿಲೆ ಅದೆ. ಎರಕದಲ್ಲಿ ಚೂರು ಸೀಸ ಬೆರೆತಿದ್ರೂ ಲೋಹ ಒಳಗಿಂದ ಒಳಗೇ ಸವೆದು, ಉಬ್ಬಿ, ಕೂದಲೆಳೆ ಬಿರುಕು ಬಿಟ್ಟು, ಕೊನೆಗೆ ರಾಗಿ ಮುದ್ದೆ ಒಣಗಿ ಉದುರಿದಂಗೆ ಪುಡಿ ಆಗ್ತದೆ. ತೇವದ ಜಾಗದಲ್ಲಿ ಬೇಗ. ಇದಕ್ಕೆ ಮದ್ದಿಲ್ಲ. ಅಮೆರಿಕದ ಒಂದು ಸತುವಿನ ಕಂಪನಿ 1929ರಲ್ಲಿ ಶೇಕಡ 99.99 ಶುದ್ಧ ಸತು ಬಳಸೋ ಮಿಶ್ರಲೋಹ ತಂದ ಮೇಲೆ ಈ ಕಾಟ ಇಳೀತು, ಆದ್ರೆ ಉಳಿದ ಚೂರುಪಾರು ಕರಗಿಸಿ ಎರಕ ಹೊಯ್ಯೋ ಅಗ್ಗದ ಕಾರ್ಖಾನೆಗಳಲ್ಲಿ ಪೂರ್ತಿ ಹೋಗಲಿಲ್ಲ. ಬಣ್ಣದ ಕೆಳಗೆ ಗುಳ್ಳೆ ಎದ್ದಂಗೆ ಕಂಡ್ರೆ ದೀಪದ ಬೆಳಕಲ್ಲಿ ಓರೆಯಾಗಿ ಹಿಡಿದು ನೋಡಿ. ನಮ್ಮ ಸಾಲಲ್ಲಿ ಒಂದರ ತೊಡೇಲಿ ಹಂಗಿತ್ತು. ಅದನ್ನ ಪಕ್ಕಕ್ಕಿಟ್ವಿ.

ಪ್ಲಾಸ್ಟಿಕ್ಕಿನ ರೋಗಗಳು ಬೇರೆ. ಬಿಳೀದು ಬೆಳಕಿಗೆ ಹಳದಿ ಆಗ್ತದೆ. ಕೆಲವರು ಕೂದಲಿಗೆ ಹಾಕೋ ಪೆರಾಕ್ಸೈಡಲ್ಲಿ ನೆನೆಸಿ ಬಿಸಿಲಿಗಿಟ್ಟು ಬಿಳಿ ಮಾಡ್ತಾರೆ. ಹಂಗೆ ಬೆಳ್ಳಗಾದದ್ದು ಮತ್ತೆ ಹಳದಿ ಆಗಬಹುದು, ಆದ್ದರಿಂದ ಕೊಳ್ಳೋವಾಗ ಹಳೇ ಗೊಂಬೆ ಸುಣ್ಣ ಬಳಿದಂಗೆ ಬೆಳ್ಳಗಿದ್ರೆ ನಾನಾದ್ರೆ ಅನುಮಾನ ಪಡ್ತೀನಿ. ಮೆತ್ತಗಿನ ಪಿ.ವಿ.ಸಿ. ಭಾಗ ಎಣ್ಣೆ ಬಿಟ್ಕೊಂಡು ಅಂಟಂಟಾಗ್ತದೆ, ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ಮೇಜಿನ ವಾರ್ನಿಶಿಗೆ ಅಂಟ್ಕಳ್ತದಲ್ಲ, ಅದೇ ಕಥೆ. ಇನ್ನು 1980ರ ಕೊನೆಯಿಂದ 90ರ ದಶಕದ ಕೆಲವು ಟ್ರಾನ್ಸ್‌ಫಾರ್ಮರ್ ಗೊಂಬೆಗಳಲ್ಲಿ ಚಿನ್ನದ ಮಿನುಗು ಬೆರೆಸಿದ ಪ್ಲಾಸ್ಟಿಕ್ ಅದೆ. ನೋಡೋಕೆ ಎಲ್ಲದಕ್ಕಿಂತ ಚೆಂದ. ಆ ಮಿನುಗಿನಿಂದಲೇ ಪ್ಲಾಸ್ಟಿಕ್ ಹಪ್ಪಳ ಆಗ್ಬುಟ್ಟಿರ್ತದೆ, ಕೈ ಎತ್ತಿದ್ರೆ ಪಟ್ ಅಂತ ಕೈಗೇ ಬರ್ತದೆ. ಚಿನ್ನದ ಬಣ್ಣದ ಹಳೇ ರೋಬೋನ ಯಾರೂ ಪರೀಕ್ಷೆಗೂ ತಿರುಗಿಸಬ್ಯಾಡಿ. ಮುಟ್ಟದೆ ಇಟ್ರೆ ಇರ್ತದೆ.

ಬಣ್ಣದಲ್ಲಿ ನೋಡಬೇಕಾದ್ದು ಅಂಚು. ಕೆಂಪು ಎಲ್ಲಿ ನಿಲ್ತದೆ, ಕಪ್ಪು ಎಲ್ಲಿ ಶುರು ಆಗ್ತದೆ, ಆ ಗೆರೆ ರಂಗೋಲಿ ಗೆರೆ ಹಂಗೆ ನೆಟ್ಟಗಿದೆಯಾ. ಅಚ್ಚಿನ ಎರಡು ಹೋಳು ಸೇರೋ ಕಡೆ ಏಣು ಎದ್ದಿದೆಯಾ, ಬೆರಳಾಡಿಸಿದ್ರೆ ಗೊತ್ತಾಗ್ತದೆ. ನಕಲಿ ಮಾಲಿನಲ್ಲಿ ಇದು ಎದ್ದು ಕಾಣ್ತದೆ. ನಕಲಿ ಮಾಡೋರು ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆಯೋದುಂಟು, ಅಂಥದ್ದು ಒಂದು ಕೂದಲು ಸಣ್ಣಗಿರ್ತದೆ, ಮೂಗು-ಕೊಂಬಿನ ತುದಿ ಮೊಂಡಾಗಿರ್ತದೆ. ಡಬ್ಬಿ ಮೇಲಿನ ಅಕ್ಷರ ತಪ್ಪು, ಜಪಾನಿನ ಎಷ್ಟೋ ಡಬ್ಬಿ ಮೇಲೆ ಇರೋ ಹೊಳೆಯೋ ಪರವಾನಗಿ ಚೀಟಿ ಇಲ್ಲ. ನಮ್ಮ ಹದಿನಾಲ್ಕರಲ್ಲಿ ಮೂರು ಇಂಥವೇ. ತಮ್ಮ ಅವನ್ನ ಗೊತ್ತಿದ್ದೇ ತಗೊಂಡಿದ್ದ, ಚೀಟೀಲಿ 'ನಕಲಿ, ಆದರೂ ಮುದ್ದು' ಅಂತ ಬರೆದಿದ್ದ.

ಮುದ್ರೆ ವಿಷಯದಲ್ಲಿ ಹುಷಾರು. ಒಂದರ ಪಾದದ ತಳದಲ್ಲಿ 1984 ಅಂತಿತ್ತು. ಮಗಳು, 'ಅತ್ತೆ, ನಲವತ್ತು ವರ್ಷದ್ದು!' ಅಂತ ಕುಣಿದ್ಲು. ಆ ಇಸವಿ ಗೊಂಬೆ ಮಾಡಿದ ವರ್ಷ ಆಗಿರ್ಬೇಕಂತಿಲ್ಲ, ಆ ರೂಪದ ಹಕ್ಕು ನೋಂದಾದ ವರ್ಷ. ಮೊನ್ನೆ ಮೊನ್ನೆ ಅಚ್ಚು ಹಾಕಿದ ಗೊಂಬೆ ಮೇಲೂ ಅದೇ ಇರಬಹುದು. ಇಸವಿಗಿಂತ ಕಂಪನಿ ಹೆಸರು ಹೆಚ್ಚು ಹೇಳ್ತದೆ. ಪೊಪಿ ಕಂಪನಿ 1983ರಲ್ಲಿ ಬಂಡೈ ಒಳಗೆ ಸೇರ್ಕೊಂಡು ಹೋಯ್ತು. ಎಲ್ಲದಕ್ಕಿಂತ ಸಣ್ಣದು, ಬಣ್ಣ ಅರ್ಧ ಹೋಗಿ ಒಂದು ಮುಷ್ಟಿ ಕಳ್ಕೊಂಡಿದ್ದ ಮಾಜಿಂಗರ್ ಒಂದಿತ್ತು. ಪಕ್ಕದ ಮನೆ ಅಕ್ಕ 'ಇದ್ನ ಮೊದ್ಲು ಬಿಸಾಕು' ಅಂದಿದ್ದು ಅದನ್ನೇ. ಅದರ ಬೆನ್ನಲ್ಲಿ ಪೊಪಿ ಹೆಸರು. ಸ್ಕ್ರೂ ಹಳೇ ತುಕ್ಕು ಹಿಡಿದಿತ್ತು, ಸವೆತ ಮಕ್ಕಳ ಬೆರಳು ತಗಲೋ ಕಡೇನೇ ಇತ್ತು, ಲೋಹದಲ್ಲಿ ಬಿರುಕಿಲ್ಲ, ನಿಲ್ಲಿಸಿದ್ರೆ ಕಂಬದಂಗೆ ನಿಂತ್ಕೊಂಡ್ತು. ತಮ್ಮನ ಚೀಟಿ ಪ್ರಕಾರ ಟೋಕಿಯೋದ ನಕಾನೋ ಬ್ರಾಡ್‌ವೇ ಅನ್ನೋ ಹಳೇ ಗೊಂಬೆ ಅಂಗಡಿಗಳ ಸಾಲಲ್ಲಿ ಕೊಂಡದ್ದು.

ಸಣ್ಣ ಭಾಗ ಎಣಿಸೋದು ಮರೀಬ್ಯಾಡಿ. ರಾಮಪಟ್ಟಾಭಿಷೇಕದ ಸೆಟ್ಟಲ್ಲಿ ಲಕ್ಷ್ಮಣ ಇಲ್ಲದಿದ್ರೆ ಹೆಂಗೆ, ಮುಷ್ಟಿ, ಕತ್ತಿ, ಬಾಣ ಕಳೆದ ರೋಬೋನೂ ಹಂಗೆ, ಬೆಲೆ ಅರ್ಧಕ್ಕೆ ಬೀಳೋದುಂಟು. ಇದೇ ಸಣ್ಣ ಭಾಗ ಕೂಸಿರೋ ಮನೇಲಿ ಗಂಟಲಿಗೆ ಯಮ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಆಟಿಕೆ ವಿಮಾನದಿಂದ ಚಿಮ್ಮೋ ಬಾಣ ಗಂಟಲಿಗೆ ಸಿಕ್ಕಿ ಒಂದು ಕೂಸು ಹೋಯ್ತು, ಅಲ್ಲಿಂದಾಚೆಗೆ ರೋಬೋಗಳ ಚಿಮ್ಮೋ ಬಾಣಕ್ಕೂ ಕಡಿವಾಣ ಬಿತ್ತು. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯ. ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ ಗೊಂಬೆಗೆ ವಿನಾಯಿತಿ ಕೊಟ್ರು. '15 ವರ್ಷ ಮೇಲ್ಪಟ್ಟವರಿಗೆ' ಅಂತಿರೋ ಗೊಂಬೆ ಈ ಲೆಕ್ಕಕ್ಕೆ ಬರೋದಿಲ್ಲ, ಅದನ್ನ ಮೊಮ್ಮಕ್ಕಳ ಕೈಗೆ ಕೊಡಬ್ಯಾಡಿ ಅಂತ್ಲೇ ಅರ್ಥ. ಹೊರದೇಶದ ಆಟಿಕೆ ಮೇಲಿನ ಸುಂಕವನ್ನ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ರು. ಹಂಗಾಗಿ ಇಲ್ಲಿ ಆಗಲೇ ಇರೋ ಮಾಲಿಗೆ ಕೇಳೋರು ಹೆಚ್ಚು. ಆರು ಸಾವಿರ ಅಂದವನಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬೋದಿಲ್ಲ.

ಮಗಳು ಒಂದೊಂದನ್ನೂ ಬೇರೆ ಬೇರೆ ಫೋಟೊ ತೆಗೆದ್ಲು. ಪಾದದ ತಳ, ಬೆನ್ನಿನ ಮುದ್ರೆ, ಬಿರುಕಿರೋ ಕಡೆ ಬಿರುಕು, ಇಲ್ಲದ ಮುಷ್ಟಿ, ಎಲ್ಲಾ ತೋರಿಸಿ. ಮುಚ್ಚಿಟ್ಟು ಮಾರೋದು ಬ್ಯಾಡ ಅಂತ ಅವಳವ್ವನೇ ಅಂದ್ಲು. ಡಬ್ಬಿ ಸಮೇತ ಇದ್ದ ಮೂರು ಸೋಲ್ ಆಫ್ ಚೋಗೋಕಿನ್ ಇಪ್ಪತ್ತೇಳು ಸಾವಿರಕ್ಕೆ ಹೋದ್ವು. ಮುಷ್ಟಿ ಇಲ್ಲದ ಸಣ್ಣ ಪೊಪಿ ಮಾಜಿಂಗರ್ ಅದೊಂದೇ ಒಂಬತ್ತು ಸಾವಿರ. ಎರಡು ಗುಂಡಮ್ ಸೇರಿ ಮೂರೂವರೆ. ಎರಡು ತಿಂಗಳು ಹಿಡೀತು, ಮೊದಲ ಕಂತಿನ ಫೀಸಿಗೆ ನಾನು ಕೈಯಿಂದ ಹಾಕಿದ್ದನ್ನ ಅವಳು ವಾಪಸ್ಸು ಕೊಡೋಕೆ ಬಂದಾಗ ಬೈದು ಕಳಿಸ್ದೆ.

ಜೈಂಟ್ ರೋಬೋದ ವಿನೈಲ್ ಗೊಂಬೆ ಒಂದಿತ್ತು. ಕೀಲು ಭುಜದಲ್ಲಿ ಮಾತ್ರ, ಒಳಗೆ ಟೊಳ್ಳು, ಅಂಚಿನ ಬಣ್ಣ ಆಚೀಚೆ. ನನ್ನ ಪರೀಕ್ಷೇಲಿ ನಾಪಾಸು. ಅದಕ್ಕೆ ಯಾರೋ ಎಂಟುನೂರು ಕೇಳಿದ್ರು, ಮಗಳು ಕೊಡಲಿಲ್ಲ. 'ಇದ್ರ ಬೆಲ ನಿಮ್ ಲೆಕ್ಕದಲ್ಲಿ ಬರಲ್ಲ ಅತ್ತೆ' ಅಂದ್ಲು. ನಾನು ನೋಟ್‌ಬುಕ್ಕಲ್ಲಿ ಅದರ ಮುಂದೆ ಅಡ್ಡಗೆರೆ ಎಳೆದೆ.

ಮಿಕ್ಕವು ಈಗ ಅಟ್ಟದ ಮೇಲಿಲ್ಲ. ಶೀಟಿನ ಬಿಸಿ ಬ್ಯಾಡ ಅಂತ ಬೀರುವಿನ ಕೆಳಗಿನ ಖಾನೇಲಿ ಇಟ್ಟಿದ್ದೀವಿ. ಬ್ಯಾಟರಿ ತೆಗೆದಾಗದೆ, ಇಲ್ಲದಿದ್ರೆ ಸೋರಿ ಒಳಗೆಲ್ಲ ತಿಂದಾಕ್ತದೆ. ಮೆತ್ತಗಿನ ವಿನೈಲ್ ಭಾಗ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗದಂಗೆ ಒಂದೊಂದಕ್ಕೂ ಬೇರೆ ಬೇರೆ ಹತ್ತಿ ಬಟ್ಟೆ ಸುತ್ತದೆ. ಬಿರುಕಿನದು ಬೇರೆ ಡಬ್ಬೀಲಿ. ಚಿನ್ನದ ಬಣ್ಣದ ಗೊಂಬೆ ಡಬ್ಬಿ ಮೇಲೆ ಮಗಳು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: 'ಕೈ ಎತ್ತಬೇಡಿ.'